ವಾರ್ಡ್ ಗ್ರೂಪಿನಲ್ಲಿ ಅತ್ತೆಯ ದನಿ

ಮಾರ್ಚ್ 3, ಬೆಳಿಗ್ಗೆ

ತಿಂಡಿ, ಡಬ್ಬಿ, ಬಟ್ಟೆ ಒಣಹಾಕಿದ್ದು — ಎಲ್ಲ ಆಯಿತು. ಚಪ್ಪಲಿ ಹಾಕಿಕೊಳ್ಳುವಾಗ ಅತ್ತೆ ಫೋನ್ ಹಿಡಿದು ಬಂದರು.

"ವಾರ್ಡ್ ಗ್ರೂಪಲ್ಲಿ ಮಾತಾಡೋದು ಹೆಂಗಮ್ಮ? ಟೈಪ್ ಮಾಡೋಕೆ ಈ ಬೆರಳು ಕೇಳಲ್ಲ."

ಮೈಕಿನ ಗುರುತು ತೋರಿಸಿದೆ. ಒತ್ತಿ ಹಿಡಿದು, ಮಹಡಿಯವರನ್ನು ಕೂಗುವ ದನಿಯಲ್ಲೇ ಶುರು. ಅತ್ತೆಯ ಮನಸ್ಸಿನಲ್ಲಿದ್ದದ್ದು ಅವರ ಗೆಳತಿ, ಟೈಲರಮ್ಮ. ಕಳೆದ ವಾರ ಮಾರ್ಕೆಟ್ ರಸ್ತೆ ದಾಟುವಾಗ ಬೈಕ್ ಗುದ್ದಿ ಸೊಂಟ ಮುರಿದಿದೆ. ಇನ್ನೂ ಆಸ್ಪತ್ರೆಯಲ್ಲಿದ್ದಾರೆ. ಅಲ್ಲಿ ಸಿಗ್ನಲ್ ಹಾಕಿ ಎಂದು ವಾರ್ಡಿನವರು ವರ್ಷಗಳಿಂದ ಅರ್ಜಿ ಕೊಡುತ್ತಲೇ ಇದ್ದಾರೆ. ಪಾರ್ಕಿಂಗ್ ಹೋಗುತ್ತದೆಂದು ಅಂಗಡಿಯವರ ವಿರೋಧ.

"ರಸ್ತೆ ದಾಟೋಕೆ ನಾವು ವಿಲ್ ಬರೆದಿಟ್ಟು ಹೊರಡ್ಬೇಕೇನ್ರಪ್ಪಾ? ಅಂಗಡಿಯವರೆಲ್ಲ ಕಳ್ಳರು ಅಂತ ನಾನು ಅನ್ನೋಲ್ಲ. ಅವರಿಗೂ ಹೊಟ್ಟೆಪಾಡು. ಆದ್ರೆ ಒಂದ್ಸಲ ನಮ್ಮ ಕೈ ಹಿಡ್ಕೊಂಡು ದಾಟಿ ನೋಡಿ."

ಕಳಿಸಿಯೇಬಿಟ್ಟರು. ನನಗೆ ನಗು. ಜೊತೆಗೆ ಪುಕಪುಕ. ನಾನು ಕೆಲಸ ಮಾಡುವ ಕನ್ನಡಕದ ಅಂಗಡಿಯೂ ಅದೇ ರಸ್ತೆಯಲ್ಲಿ.

ಮಾರ್ಚ್ 5

ಅತ್ತೆ ಫೇಮಸ್. ಯಾರೋ ಆ ವಾಯ್ಸಿಗೆ ಡ್ರಮ್ ಸೇರಿಸಿದ್ದಾರೆ. ಲೆನ್ಸ್ ಪವರ್ ನೋಡಿಸಲು ಬಂದ ಹುಡುಗಿಯ ಫೋನಿನಲ್ಲೂ ಅದೇ — "ವಿಲ್ ಬರೆದಿಟ್ಟು, ವಿಲ್ ಬರೆದಿಟ್ಟು..."

ಓನರ್ ಫ್ರೇಮ್ ಒರೆಸುತ್ತಿದ್ದವರು ಕತ್ತೆತ್ತಿದರು. "ಇದು ನಿಮ್ಮತ್ತೆ ಅಲ್ವಾ?"

"ಹೌದು ಸಾರ್."

ಮತ್ತೆ ಒರೆಸತೊಡಗಿದರು. ಆ ಗಾಜು ಆಗಲೇ ಪಳಪಳ ಹೊಳೆಯುತ್ತಿತ್ತು.

ಮಾರ್ಚ್ 8

ಯಾರೋ ಅತ್ತೆಯ ಮಾತನ್ನು ಕತ್ತರಿಸಿ ಹಾಕಿದ್ದಾರೆ. "ಅಂಗಡಿಯವರೆಲ್ಲ ಕಳ್ಳರು." ಅಷ್ಟೇ. ಅಲ್ಲಿಗೆ ನಿಲ್ಲಿಸಿದ್ದಾರೆ. ಊರೆಲ್ಲ ಓಡಾಡುತ್ತಿದೆ. ಕೆಳಗೆ ಬಂದಿರುವ ಬೈಗುಳ ಇಲ್ಲಿ ಬರೆಯಲಾರೆ. ಹಣ್ಣಿನಂಗಡಿಯವರು ಅತ್ತೆಯನ್ನು ಕಂಡು ಮುಖ ತಿರುಗಿಸಿದರಂತೆ.

ಓನರ್ ಬೈಯಲಿಲ್ಲ. ಅದೇ ಕಷ್ಟ. "ನಾಲ್ಕು ದಿನ ರಜಾ ತಗೊಳ್ಳಮ್ಮ. ಪಕ್ಕದ ಅಂಗಡಿಯವರು ನನ್ನನ್ನೇ ಪ್ರಶ್ನೆ ಮಾಡ್ತಿದಾರೆ."

ಅತ್ತೆ ಫೋನನ್ನು ಬೀರುವಿನಲ್ಲಿ ಬಟ್ಟೆಗಳ ಕೆಳಗೆ ಇಟ್ಟುಬಿಟ್ಟಿದ್ದಾರೆ.

ಮಾರ್ಚ್ 16

ಬರೆಯಲು ಮನಸ್ಸಿರಲಿಲ್ಲ. ನಾಲ್ಕು ದಿನದ ರಜೆ ವಾರವಾಯಿತು.

ನಮ್ಮನೆಯವರು ಅತ್ತೆಗೆ ಹೇಳುವುದು ಒಂದೇ. "ಗ್ರೂಪಿಂದ ಹೊರಗೆ ಬಂದ್ಬಿಡಿ. ಬೈಸ್ಕೊಂಡು ಯಾಕೆ ಕೂತಿರ್ತೀರ?"

ಅತ್ತೆ ಕಾಳು ಆರಿಸುತ್ತಿದ್ದರು. "ನಾನು ಹೊರಗೆ ಬಂದ್ರೆ ಕಳ್ಳರು ಅಂದಿದ್ದು ನಿಜಾ ಅಂತ ಆಗುತ್ತಲ್ಲೋ." ಮತ್ತೆ ಕಾಳಿಗೆ ಬಗ್ಗಿದರು. ಕುಕ್ಕರ್ ಕೂಡ ಮೆಲ್ಲಗೆ ಕೂಗಿದ ಹಾಗಿತ್ತು.

ಮಾರ್ಚ್ 17, ರಾತ್ರಿ

ಹಾಕಿಬಿಟ್ಟೆ.

ಆ ಗ್ರೂಪಿನಲ್ಲಿ ಇವತ್ತಿನವರೆಗೆ ಒಂದು ಹೆಬ್ಬೆಟ್ಟನ್ನೂ ಒತ್ತಿದವಳಲ್ಲ. ಅತ್ತೆಯ ಪೂರ್ತಿ ವಾಯ್ಸ್ ಹುಡುಕಿ ಮತ್ತೆ ಕಳಿಸಿದೆ. ಕೆಳಗೆ ಬರೆದೆ: "ಇವರು ನನ್ನ ಅತ್ತೆ. ಕತ್ತರಿಸಿದವರು 'ಅಂತ ನಾನು ಅನ್ನೋಲ್ಲ' ಎಂಬುದನ್ನು ಬಿಟ್ಟಿದ್ದಾರೆ. ದಯವಿಟ್ಟು ಕೊನೆವರೆಗೆ ಕೇಳಿ."

ಯಾರದೂ ಉತ್ತರವಿಲ್ಲ. ಪಾತ್ರೆ ತೊಳೆದೆ. ಇಲ್ಲ. ನೆಲ ಒರೆಸಿದೆ. ಆಗ ಹಣ್ಣಿನಂಗಡಿಯವರು — "ನಾನು ಪೂರ್ತಿ ಕೇಳಿರ್ಲಿಲ್ಲ. ತಪ್ಪಾಯ್ತಮ್ಮ." ಆಮೇಲೆ ಒಬ್ಬೊಬ್ಬರೇ. ಒಬ್ಬ ಮಾತ್ರ ಕೋತಿ ಸ್ಟಿಕ್ಕರ್ ಹಾಕಿದ. ಹಾಕಲಿ.

ಸಂಜೆ ಒಂದು ಉದ್ದನೆಯ ವಾಯ್ಸ್ ಬಂತು. ನಮ್ಮ ಓನರ್!

"ಅಮ್ಮಾ, ನಾನು ಕನ್ನಡಕದ ಅಂಗಡಿಯವನು. ನನಗೆ ಬರೋರಲ್ಲಿ ಮುಕ್ಕಾಲು ಜನ ವಯಸ್ಸಾದೋರು, ಕಣ್ಣು ಕಾಣದೋರು. ಗಾಡಿ ಬಾಗಿಲಿಗೇ ಬರ್ಬೇಕು. ಸಿಗ್ನಲ್ ಹಾಕಿ ಗಾಡಿ ನಿಲ್ಲೋದು ಬೇಡ ಅಂದ್ರೆ ಅವರೆಲ್ಲಿ ಇಳೀಬೇಕು? ಅದೊಂದು ಹೇಳಿ."

ಅತ್ತೆ ಬೀರುವಿನಿಂದ ಫೋನ್ ತೆಗೆದರು. ಎರಡು ಸಲ ಕೇಳಿದರು. "ಅಯ್ಯೋ, ಇದು ನನಗೆ ಹೊಳೆದೇ ಇರ್ಲಿಲ್ವಲ್ಲ," ಎಂದರು. ಅದನ್ನೇ ಗ್ರೂಪಿನಲ್ಲೂ ಹೇಳಿದರು. ಎಲ್ಲರೂ ಕೇಳುವ ಹಾಗೆ.

ಮಾರ್ಚ್ 21

ಅತ್ತೆ, ಓನರ್ ಇಬ್ಬರಿಗೂ ಈಗ ಇದೇ ಕೆಲಸ. ಅವರೊಂದು ಕಳಿಸುತ್ತಾರೆ, ಇವರೊಂದು. ವಾರ್ಡೆಲ್ಲ ಅಡುಗೆ ಮಾಡುತ್ತಾ ಕೇಳುತ್ತಿದೆ. ಎಂದೂ ಬಾಯಿಬಿಡದವರೂ ಮೈಕ್ ಒತ್ತುತ್ತಿದ್ದಾರೆ — ಬಸ್ ಡ್ರೈವರ್, ಪೋಸ್ಟ್ ಆಫೀಸಿನ ಕ್ಲರ್ಕ್. ಟೈಲರಮ್ಮ ಆಸ್ಪತ್ರೆ ಹಾಸಿಗೆಯಿಂದ: "ನನ್ನ ಸೊಂಟ ಇಟ್ಕೊಂಡು ಜಗಳ ಆಡ್ಬೇಡಿ, ಬೇಗ ಏನಾದ್ರೂ ಮಾಡಿ."

ಓನರ್ ಫೋನ್ ಮಾಡಿದರು. ನಾಳೆಯಿಂದ ಕೆಲಸಕ್ಕೆ ಬರಬೇಕಂತೆ. "ನಿಮ್ಮತ್ತೆ ಜೊತೆ ವಾದ ಮಾಡಿ ಗಂಟಲು ಹೋಗಿದೆ. ಗಿರಾಕಿಗಳ ಜೊತೆ ನೀನೇ ಮಾತಾಡು."

ಮಾರ್ಚ್ 29

ವಾರ್ಡ್ ಸಭೆ. ಸಾಮಾನ್ಯವಾಗಿ ಖಾಲಿ ಕುರ್ಚಿಗಳೇ ಹೆಚ್ಚಂತೆ. ಇವತ್ತು ಮೆಟ್ಟಿಲ ಮೇಲೂ ಜನ. ಬರಲಾಗದವರಿಗೆ ಫೋನಿನಲ್ಲಿ ಲೈವ್. ಟೈಲರಮ್ಮನೂ ಅದರಲ್ಲೇ ನೋಡಿದರು.

ಅತ್ತೆ ಎದ್ದರು. ಎದುರಿಗೆ ಅಷ್ಟು ಮುಖ ನೋಡಿ ಸೆರಗಿನ ತುದಿ ಹಿಂಡುತ್ತಾ ನಿಂತರು. ಆಗ ಹಿಂದಿನಿಂದ ಓನರ್ — "ಹೇಳೀಮ್ಮಾ, ದಿನಾ ನನಗೆ ಹೇಳೋ ಹಾಗೇ ಹೇಳಿ."

ಹಾಲ್ ನಕ್ಕಿತು. ಅತ್ತೆಯೂ. ಆಮೇಲೆ ನಿಲ್ಲಿಸುವವರೇ ಬೇಕಾಯಿತು.

ಇಬ್ಬರೂ ಸೇರಿ ಕೇಳಿದ್ದು ಇಷ್ಟು: ಸಿಗ್ನಲ್ ಪೋಸ್ಟ್ ಆಫೀಸಿನ ಮುಂದೆ ಬರಲಿ, ಕನ್ನಡಕದ ಅಂಗಡಿಯ ಬಳಿ ಜನ ಇಳಿಯುವಷ್ಟು ಹೊತ್ತು ಗಾಡಿ ನಿಲ್ಲಲಿ. ಸಭೆಗೆ ಬಂದಿದ್ದ ಪಾಲಿಕೆಯ ಇಂಜಿನಿಯರ್ ಗೊಣಗಿದರು. ಲೈವ್‌ನಲ್ಲಿ ಪ್ರಶ್ನೆಗಳ ಸುರಿಮಳೆ ನೋಡಿ ಒಪ್ಪಿದರು. ಮೂರು ತಿಂಗಳು, ಪರೀಕ್ಷೆಗೆ ಮಾತ್ರ. ಸಾಕು. ಶುರುವಾದರೆ ಸಾಕು.

ಏಪ್ರಿಲ್ 24, ಸಂಜೆ

ಸಿಗ್ನಲ್ ಉರಿಯುತ್ತಿದೆ. ಅತ್ತೆ ಕೆಲಸವಿಲ್ಲದೆಯೂ ಎರಡು ಸಲ ದಾಟಿ ಬಂದರು.

ಇವತ್ತು ಗ್ರೂಪಿನಲ್ಲಿ ಯಾರೋ ಕೇಳಿದ್ದಾರೆ — ಮಾರ್ಕೆಟ್ ರಸ್ತೆಯಲ್ಲಿ ಕೆಲಸ ಮಾಡುವ ಹೆಂಗಸರಿಗೆ ಒಂದು ಟಾಯ್ಲೆಟ್ ಯಾಕಿಲ್ಲ? ಕೆಳಗೆ ಗಂಡಸರದೇ ಅಭಿಪ್ರಾಯ, ಸಾಲುಸಾಲು. ಅಗತ್ಯವೇ ಇಲ್ಲವಂತೆ!

ಬೆಳಿಗ್ಗೆಯಿಂದ ನೀರು ಕುಡಿಯದೆ ಕೌಂಟರಿನಲ್ಲಿ ನಿಲ್ಲುವವಳು ನಾನು. ಅತ್ತೆ ಫೋನ್ ನನ್ನ ಕಡೆ ತಳ್ಳಿದರು. "ಇದು ನಾನು ಹೇಳೋದಲ್ಲ. ನೀನು ಹೇಳ್ಬೇಕಾದ್ದು."

ಮೊದಲು ಇಲ್ಲಿ ಬರೆದುಕೊಂಡು ಆಮೇಲೆ ಓದುತ್ತೇನೆ. ನಮಸ್ಕಾರ. ನಾನು ಕನ್ನಡಕದ ಅಂಗಡಿಯಲ್ಲಿ...

ಬೇಡ. ಬರೆದದ್ದನ್ನು ಓದುತ್ತಿದ್ದೇನೆಂದು ಎಲ್ಲರಿಗೂ ಗೊತ್ತಾಗಿಬಿಡುತ್ತದೆ. ಒತ್ತಿ ಹಿಡಿದು ಹಾಗೇ ಮಾತಾಡುತ್ತೇನೆ.