ನಿನ್ನ ಕಡೆ ಕೂತವಳು

ಯಸಳೂರು
16 ಜನವರಿ 2026

ಸೌಜನ್ಯಾ,

ಮೊದಲು ಆಶೀರ್ವಾದ, ಬೈಗುಳ ಇದ್ದರೆ ಆಮೇಲೆ. ನೀನು ನವ್ಯಶ್ರೀಯನ್ನು ಕರೆದುಕೊಂಡು ಆಲೂರಿಗೆ, ತವರಿಗೆ ಹೋದ ಮೇಲೆ ಈ ಅತ್ತೆ ಒಂದು ಸಾಲೂ ಬರೆಯಲಿಲ್ಲವೆಂದು ನಿನಗೆ ಬೇಸರವಾಗಿರಬಹುದು. ಕಾಫಿ ಕೊಯ್ಲಿನ ನೆಪ ಹೇಳಬಹುದಿತ್ತು. ನಿಜ ಹೇಳುತ್ತೇನೆ, ಏನು ಬರೆಯಬೇಕೆಂದು ತಿಳಿಯಲಿಲ್ಲ. ಫೋನು ಮಾಡಿದರೆ ಊಟ ಆಯ್ತಾ, ಚಳಿ ಹೇಗಿದೆ ಎಂದು ಕೇಳಿಕೊಂಡು ಇಬ್ಬರೂ ಇಟ್ಟುಬಿಡುತ್ತೇವೆ. ಅದಕ್ಕೇ ಈ ಕಾಗದ. ನಮ್ಮ ತೋಟದ ಕೆಲಸದ ರವಿ ನಾಳೆ ಆಲೂರಿಗೆ ಹೋಗುತ್ತಾನೆ, ಅವನ ಕೈಲಿ ಕಳಿಸುತ್ತೇನೆ. ಜೊತೆಗೆ ಹಬ್ಬದ ಎಳ್ಳು-ಬೆಲ್ಲ ಇದೆ. ಮಗು ಕೊಬ್ಬರಿ ಚೂರು ಮಾತ್ರ ಆರಿಸಿಕೊಂಡು ತಿಂದರೆ ಬೈಯಬೇಡ.

ಮನೆಯಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುವುದು ವಾಡಿಕೆ. ಎಲ್ಲರೂ ಎಂದರೆ ಈಗ ನಾನು ಮತ್ತು ನಿನ್ನ ಗಂಡ ಲೋಹಿತ. ನಾನು ಕ್ಷೇಮ. ಅವನು ಅಡುಗೆಮನೆ ಬಾಗಿಲಿಗೆ ಬಂದು ನಿಲ್ಲುತ್ತಾನೆ, ಏನೂ ಕೇಳದೆ ಹೋಗುತ್ತಾನೆ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ನಿಮ್ಮಿಬ್ಬರನ್ನು ನೋಡಿದರೆ ಆ ಗಾದೆ ಕಟ್ಟಿದವನಿಗೆ ಮದುವೆಯೇ ಆಗಿರಲಿಲ್ಲ ಅನಿಸುತ್ತದೆ. ಮೊನ್ನೆ ಶಾಲೆಯ ಮಾಸ್ತರು ದಾರಿಯಲ್ಲಿ ಸಿಕ್ಕಿ, ನೀನು ಮಗುವಿನ ಟಿ.ಸಿ. ಕೇಳಿದ್ದೀಯ ಎಂದರು. ಅದನ್ನು ತೆಗೆದುಕೊಂಡೆಯೆಂದರೆ ನವ್ಯಶ್ರೀ ಇನ್ನು ಈ ಮನೆಗೆ ನೆಂಟಳು.

ನಿನ್ನ ಸಿಟ್ಟು ತಪ್ಪೆಂದು ನಾನು ಹೇಳುವವಳಲ್ಲ. ಆನೆ ಬಂದಿದೆಯೆಂದು ಫೋನಿಗೆ ಅರಣ್ಯ ಇಲಾಖೆಯ ಮೆಸೇಜು ಬಂದ ದಿನ ಮಗುವಿಗೆ ಶಾಲೆಯಿಲ್ಲ, ಆಟವಿಲ್ಲ, ಗೆಳತಿಯ ಹುಟ್ಟುಹಬ್ಬವೂ ಇಲ್ಲ. ಆನೆ ದಾಟಿಹೋದರೂ ಲೋಹಿತನ ಭಯ ದಾಟುತ್ತಿರಲಿಲ್ಲ. ಅಂಥದೇ ಮೆಸೇಜು ಬಂದ ಆ ಬೆಳಿಗ್ಗೆ ಅವಳು ಯಾರಿಗೂ ಹೇಳದೆ, ಒಬ್ಬಳೇ ಶಾಲೆಯ ವ್ಯಾನು ಹಿಡಿಯಲು ರಸ್ತೆಗೆ ನಡೆದಳು. ಇವನು ಓಡಿಹೋಗಿ, ವ್ಯಾನಿನ ಮಕ್ಕಳೆಲ್ಲ ನೋಡುತ್ತಿರುವಾಗಲೇ ಕೆನ್ನೆಗೆ ಹೊಡೆದ. ಅವಳು ಅಪ್ಪನ ಜೊತೆ ಮಾತು ಬಿಟ್ಟಳು, ನೀನು ಬ್ಯಾಗು ತುಂಬಿದೆ.

ಈಗ ವಿಷಯಕ್ಕೆ ಬರುತ್ತೇನೆ. ನೀನು ಗೊತ್ತುಮಾಡಿದ ಆ ಆನ್‌ಲೈನ್ ಕೌನ್ಸೆಲಿಂಗಿನ ಪುಷ್ಪಾ ಮೇಡಂ, ಲೋಹಿತನ ಜೊತೆಗೂ ಒಂದು ಸಲ ಪ್ರತ್ಯೇಕವಾಗಿ ಮಾತಾಡಬೇಕು ಎಂದಿದ್ದರಲ್ಲ, ಅದು ಕಳೆದ ಭಾನುವಾರ ಆಯಿತು. ಒಬ್ಬರು ಹೇಳಿದ್ದನ್ನು ಅವರು ಇನ್ನೊಬ್ಬರಿಗೆ ಹೇಳುವುದಿಲ್ಲವಂತೆ. ನಾನು ಮೇಡಂ ಅಲ್ಲ, ಅತ್ತೆ. ಹೇಳುತ್ತೇನೆ. ಲೋಹಿತನನ್ನು ಕೇಳಿಯೇ ಬರೆಯುತ್ತಿದ್ದೇನೆ.

ನಗಬೇಡ. ನಾವು ಅದನ್ನು ನ್ಯಾಯ ಎಂದುಕೊಂಡಿದ್ದೆವು. ಸಂಸಾರದ ತಕರಾರು ಮೂರನೆಯವರ ಮುಂದೆ ಹೋದರೆ ನಮ್ಮ ಕಡೆ ಅದಕ್ಕೆ ಬೇರೆ ಹೆಸರಿಲ್ಲವಲ್ಲ. ನ್ಯಾಯ ಎಂದ ಮೇಲೆ ಎರಡೂ ಕಡೆಗೆ ಒಬ್ಬೊಬ್ಬ ಹಿರಿಯರು ಇರಬೇಕು. ಲೋಹಿತ ಪಕ್ಕದ ತೋಟದ ಶಾಂತಮಲ್ಲಪ್ಪನವರನ್ನು ಕರೆತಂದ. ನಿನ್ನ ಕಡೆಗೆ ಯಾರೂ ಇರಲಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುವುದು ಸರಿಯೇ, ಆದರೂ ನಿನ್ನ ಕಡೆಯ ಕುರ್ಚಿ ಖಾಲಿ ಇದ್ದದ್ದು ನೋಡಿ ನನಗೆ ತಡೆಯಲಿಲ್ಲ. ಹೋಗಿ ಅಲ್ಲಿ ಕೂತೆ. ಲೋಹಿತ ನನ್ನ ಮುಖ ನೋಡಿದ.

ಸಿಗ್ನಲ್ಲು ಸಿಗುವುದು ಕಾಫಿ ಒಣಗಿಸುವ ಕಣದಲ್ಲಿ ಮಾತ್ರ, ನಿನಗೆ ಗೊತ್ತು. ಹಣ್ಣು ಹರವುತ್ತಿದ್ದ ಚೆಲುವಮ್ಮನನ್ನು ಆಳುಗಳ ಲೈನ್‌ಮನೆಗೆ ಕಳಿಸಿ, ಕಣದ ಮಧ್ಯೆ ಒಂದು ಸ್ಟೂಲು ಹಾಕಿ, ಅದರ ಮೇಲೆ ಫೋನು, ಫೋನಿನ ಮುಂದೆ ತಟ್ಟೆಯಲ್ಲಿ ಎಲೆ ಅಡಿಕೆ ಇಟ್ಟೆವು. ಅವರಿಬ್ಬರು ಆ ಬದಿ, ನಾನು ಈ ಬದಿ. ಎದುರುಬದುರು ಕೂತರೆ ಮೇಡಂಗೆ ಒಂದೇ ಕಡೆಯವರು ಕಾಣುತ್ತಾರಲ್ಲ, ಅದಕ್ಕೆ ಮಾತಾಡುವವರ ಕಡೆಗೆ ಫೋನು ತಿರುಗಿಸುವುದೆಂದಾಯಿತು. ಮೇಡಂ ಬಂದರು, ಇವರೆಲ್ಲ ಯಾರೆಂದು ಕೇಳಿದರು. ಶಾಂತಮಲ್ಲಪ್ಪನವರು ಎದ್ದು ಕೈಮುಗಿದು ತಮ್ಮ ಅಜ್ಜನ ಹೆಸರಿನಿಂದ ಶುರುಮಾಡಿದರು. ಆಕೆ ಸಮಾಧಾನದಿಂದ ಕೇಳಿಸಿಕೊಂಡು, ಇಲ್ಲಿ ತೀರ್ಪು ಕೊಡುವುದಿಲ್ಲ ಎಂದರು. ಇವರು ಇರುವುದು ನಿಮಗೆ ಒಪ್ಪಿಗೆಯೇ ಎಂದು ಲೋಹಿತನನ್ನು ಕೇಳಿದರು. ಅವನು ಒಪ್ಪಿಗೆ ಎಂದ.

ತೀರ್ಪಿಲ್ಲ ಎಂದರೂ ನಾವು ಬಿಟ್ಟೇವೆಯೇ? ಆನೆ ತಿರುಗೋ ಊರಲ್ಲಿ ಹೆತ್ತ ಮಗಳನ್ನು ಒಳಗಿಟ್ಟುಕೊಳ್ಳುವುದು ಯಾವ ಅಪರಾಧ ಎಂದು ಶಾಂತಮಲ್ಲಪ್ಪನವರು ವಾದ ಹೂಡಿದರು. ನಾನು ಫೋನು ನನ್ನ ಕಡೆ ತಿರುಗಿಸಿಕೊಂಡೆ.

"ಮಗೀಗೆ ಹೊಡ್ದಿದ್ದು ಆನೆ ಅಲ್ಲ ಕಣ್ರೀ, ಅವಳಪ್ಪ," ಎಂದೆ.

ನಿನಗಾಗಿ ಅಷ್ಟು ಖಡಕ್ಕಾಗಿ ಮಾತಾಡಿದ್ದಕ್ಕೆ ನನ್ನ ಮೇಲೆ ನನಗೇ ಮೆಚ್ಚುಗೆಯಾಯಿತು. ಮೇಡಂ ಮಾತ್ರ ನನ್ನನ್ನು ಹೊಗಳಲಿಲ್ಲ. ಫೋನನ್ನು ಲೋಹಿತನ ಕಡೆ ತಿರುಗಿಸಿ ಎಂದರು. ರಸ್ತೆಯಲ್ಲಿ ಮಗಳನ್ನು ಕಂಡಾಗ ನಿಮಗೆ ಏನಾಯಿತು ಎಂದು ಅವನನ್ನು ಕೇಳಿದರು. ಅವನು ಕಾಲಬಳಿಯ ಒಣಹಣ್ಣೊಂದನ್ನು ಹೆಕ್ಕಿ ಕೈಯಲ್ಲಿ ಒತ್ತುತ್ತ ಹೇಳಿದ.

"ಅಲ್ಲಿ ಮಗಳು ಕಾಣ್ಲಿಲ್ಲ ಮೇಡಂ. ನಮ್ಮಪ್ಪ ಬಿದ್ದಿದ್ದೇ ಕಾಣ್ತು. ಅವತ್ತು ನಾನು ಮೊದ್ಲನೇ ಬಸ್ಸಿಗೆ ಬಂದ್ಬುಟ್ಟಿದ್ರೆ ಅಪ್ಪ ರೋಡಿಗೆ ಬರ್ತಾನೇ ಇರ್ಲಿಲ್ಲ."

ನಿನ್ನ ಮಾವ ಆನೆಯ ಕಾಲಿಗೆ ಸಿಕ್ಕಿ ಹೋದರೆಂಬುದು ನಿನಗೆ ಗೊತ್ತು. ಲೋಹಿತ ಆಗ ನವ್ಯಶ್ರೀಯಷ್ಟೇ ಇದ್ದ. ಶಾಲೆಯಲ್ಲಿ ವಾಲಿಬಾಲ್ ನೋಡುತ್ತ ನಿಂತು ಬಸ್ಸು ತಪ್ಪಿಸಿಕೊಂಡಿದ್ದ. ಕತ್ತಲಾಗುತ್ತಿದೆಯೆಂದು ಅವರು ಅವನನ್ನು ಕರೆತರಲು ಹೊರಟಿದ್ದರು. ಬಸ್ಸು ತಪ್ಪಿದ್ದು ನನಗೂ ಗೊತ್ತಿತ್ತು. ಮಕ್ಕಳಿಗೆ ಬಸ್ಸು ತಪ್ಪುತ್ತದೆ, ಅದರಲ್ಲೇನಿದೆ? ಅಪ್ಪನ ಸಾವನ್ನೇ ಅವನು ತನ್ನ ತಲೆಗೆ ಕಟ್ಟಿಕೊಂಡು ಇಷ್ಟು ವರ್ಷ ತಿರುಗಿದ್ದಾನೆಂದು ನನಗೆ ತಿಳಿದಿರಲಿಲ್ಲ. ನಿನಗೂ ಹೇಳಿರಲಾರ.

ಮೇಡಂ ಅವನಿಗೆ ಬುದ್ಧಿ ಹೇಳಲಿಲ್ಲ. ನಿಮ್ಮ ಭಯ ಮಗಳಿಗೆ ಏಟಾಗಿ ಮುಟ್ಟಿದೆ, ಭಯವೆಂದೇ ಮುಟ್ಟಲಿ, ಇದನ್ನು ಅವಳಿಗೆ ನೀವೇ ಹೇಳಬಲ್ಲಿರಾ ಎಂದು ಕೇಳಿದರು. ಹೇಳುತ್ತೇನೆ, ಹೊಡೆದದ್ದು ತಪ್ಪಾಯಿತು ಎಂದೂ ಹೇಳುತ್ತೇನೆ ಎಂದ. ಆನೆ ಇರುವ ದಿನ ತಾನೇ ಜೀಪಿನಲ್ಲಿ ಶಾಲೆಗೆ ಬಿಡುವುದಕ್ಕೂ ಒಪ್ಪಿದ. ಒಪ್ಪಿದ್ದು ಸುಲಭ, ನಡೆಸುವುದು ನೋಡಬೇಕು, ಅವನು ನನ್ನ ಮಗನೇ ಆದರೂ ಹೇಳುತ್ತೇನೆ. ತೀರ್ಮಾನವಿಲ್ಲದೆ ಮಾತು ಮುಗಿದದ್ದು ಶಾಂತಮಲ್ಲಪ್ಪನವರಿಗೆ ಸರಿಬರಲಿಲ್ಲ. ತಟ್ಟೆಯ ಎಲೆ ಅಡಿಕೆಯನ್ನು ತಾವೇ ಹಾಕಿಕೊಂಡು ಹೋದರು.

ನಾಡಿದ್ದು ಭಾನುವಾರ ಬೆಳಿಗ್ಗೆ ಮೇಡಂ ಎಲ್ಲರನ್ನೂ ಒಟ್ಟಿಗೆ ಕೂರಿಸುತ್ತಾರಂತೆ. ನೀನು ಬರುವುದಿಲ್ಲ ಎಂದಿದ್ದೀಯಂತೆ. ಅದನ್ನು ಬಿಡು, ಆದರೆ ಟಿ.ಸಿ. ಮಾತ್ರ ಅಷ್ಟರೊಳಗೆ ತೆಗೆದುಕೊಳ್ಳಬೇಡ. ಅಪ್ಪನ ಮಾತು ಮಗಳ ಕಿವಿಗೆ ಬೀಳಲಿ. ಆಮೇಲೂ ನಿನಗೆ ಆಲೂರೇ ಸರಿ ಅನಿಸಿದರೆ ಮಾಸ್ತರ ಹತ್ತಿರ ನಾನೇ ಬಂದು ನಿಲ್ಲುತ್ತೇನೆ.

ನಿನ್ನ ಅಪ್ಪ ಅಮ್ಮನಿಗೆ ನಮಸ್ಕಾರ. ನೀನೂ ಮಗುವೂ ತಣ್ಣಗಿರಿ, ಮನೆದೇವರು ನಿಮ್ಮ ಬೆನ್ನಿಗಿರಲಿ.

ನಿನ್ನ ಅತ್ತೆ,
ವಿಶಾಲಮ್ಮ

ತಾ.ಕ.: ಮೇಲೆ ಬರೆಯಲಾಗದ್ದು ಒಂದು ಉಳಿಯಿತು. ಬಸ್ಸಿನ ಮಾತು ಹೇಳಿ ಲೋಹಿತ ಅತ್ತ. ಅಪ್ಪ ಹೋದ ದಿನವೂ ನನ್ನೆದುರು ಅತ್ತವನಲ್ಲ. ನ್ಯಾಯ ಮುಗಿಯುವ ತನಕ ಈ ಕಡೆಯವರು ಆ ಕಡೆಗೆ ಹೋಗುವಂತಿಲ್ಲ, ನಮ್ಮಲ್ಲಿ ಅದು ಕಟ್ಟಳೆ. ನಾನೂ ಎದ್ದರೆ ನಿನ್ನ ಕಡೆ ಯಾರೂ ಇರುವುದಿಲ್ಲವೆಂದು ಕೂತಲ್ಲೇ ಕೂತೆ. ಅವನ ಬೆನ್ನು ಸವರಿದ್ದು ಶಾಂತಮಲ್ಲಪ್ಪನವರು. ಭಾನುವಾರ ನೀನು ಬಂದು ನಿನ್ನ ಜಾಗದಲ್ಲಿ ಕೂತುಕೋ ಸೌಜನ್ಯಾ, ಆಲೂರಿನಿಂದ ಫೋನಿನಲ್ಲಾದರೂ ಸರಿ. ನಾನು ನನ್ನ ಮಗನ ಪಕ್ಕ ಕೂರಬೇಕು.