ನಮ್ಮ ಬೀದಿಯ ಕ್ಷೌರಿಕನಿಗೆ ಕಣ್ಣು ಕಾಣಿಸುತ್ತದೆ

ಸಮುದಾಯ ಕಲಾ ಪ್ರದರ್ಶನದ ನಿರ್ಣಾಯಕ ಮಂಡಳಿಯ ಅಧ್ಯಕ್ಷರಿಗೆ,

ಮಾನ್ಯರೇ,

ನೀವು ನನ್ನ ಚಿತ್ರಕ್ಕೆ ದ್ವಿತೀಯ ಬಹುಮಾನ ಕೊಟ್ಟಿದ್ದರಿಂದ ನಮ್ಮ ಬೀದಿಯ ಕ್ಷೌರದಂಗಡಿಗೆ ಗಿರಾಕಿಗಳು ಬರುವುದು ನಿಂತಿದೆ. ಬಹುಮಾನ ಬಾರದವರು ದೂರುವುದು ವಾಡಿಕೆ. ಬಂದವನೇ ದೂರುತ್ತಿರುವುದು ಬಹುಶಃ ನಿಮಗೂ ಹೊಸದು.

ಈ ವರ್ಷದ ವಿಷಯ ‘ನಮ್ಮ ಬೀದಿಯ ಕೈಗಳು’ ಎಂದು ಪ್ರಕಟಿಸಿದಿರಿ. ನನ್ನ ಕನ್ನಡಕದಂಗಡಿಯ ಪಕ್ಕದಲ್ಲೇ ಕ್ಷೌರದಂಗಡಿ ಇರುವುದರಿಂದ ಅದರ ಮಾಲೀಕನನ್ನೇ ಬರೆಯಲು ಕುಳಿತೆ. ಕತ್ತರಿ, ಬಾಚಣಿಗೆ, ಬೆರಳ ಗೆಣ್ಣು ಎಲ್ಲ ಹೇಗೋ ಬಂದವು. ಕಣ್ಣು ಬರಲಿಲ್ಲ. ಮೊದಲ ಸಲ ಒಂದು ಕಣ್ಣು ಕನ್ನಡಿಯನ್ನು ನೋಡುತ್ತಿತ್ತು, ಇನ್ನೊಂದು ಫ್ಯಾನನ್ನು. ತಿದ್ದಿದೆ, ಎರಡೂ ಸೇರಿ ಮೂಗನ್ನು ನೋಡತೊಡಗಿದವು. ದಿನವಿಡೀ ಜನರ ಕಣ್ಣು ನೋಡಿಯೇ ಹೊಟ್ಟೆ ಹೊರೆಯುವವನ ಪಾಡು ಇದು. ಕೊನೆಗೆ ಎರಡೂ ರೆಪ್ಪೆ ಮುಚ್ಚಿಸಿ ಸಹಿ ಹಾಕಿದೆ. ಪ್ರಚಾರವಾದರೆ ಆಗಲಿ ಎಂದು ಕೆಳಗೆ ನನ್ನ ಅಂಗಡಿಯ ಹೆಸರನ್ನೂ ಬರೆದೆ.

ಪ್ರದರ್ಶನದಲ್ಲಿ ಆ ಚಿತ್ರದ ಪಕ್ಕ ನೀವು ಫಲಕ ಹಾಕಿಸಿದಿರಿ: “ದೃಷ್ಟಿ ನಂದಿದರೂ ಬೆರಳುಗಳ ನೆನಪಿನಿಂದಲೇ ದುಡಿಯುವ ಶ್ರಮಜೀವಿ.” ದೃಷ್ಟಿ ನಂದಿದೆ ಎಂದು ನಿಮಗೆ ಹೇಳಿದವರು ಯಾರು? ಮುಚ್ಚಿದ ಕಣ್ಣೆಲ್ಲ ಕುರುಡು ಎನ್ನುವುದಾದರೆ, ನಿಮ್ಮ ಉದ್ಘಾಟನಾ ಭಾಷಣದ ವೇಳೆ ಅರ್ಧ ಸಭಾಂಗಣವೇ ದೃಷ್ಟಿ ಕಳೆದುಕೊಂಡಿತ್ತು. ವೇದಿಕೆಯ ಮೇಲೆ ನೀವು, “ಈ ಕಲ್ಪನೆ ಹೇಗೆ ಹೊಳೆಯಿತು?” ಎಂದು ಕೇಳಿದಾಗ ನಾನಾದರೂ ನಿಜ ಹೇಳಬಹುದಿತ್ತು. ಫೋಟೊ ತೆಗೆಯುತ್ತಿದ್ದರು. ಗಲ್ಲ ಸ್ವಲ್ಪ ಮೇಲೆತ್ತಿ, “ತಾನಾಗಿಯೇ ಬಂತು” ಎಂದುಬಿಟ್ಟೆ.

ಮರುದಿನ ಕ್ಷೌರದಂಗಡಿಯಲ್ಲಿ ಒಬ್ಬ ಗಿರಾಕಿ ಕುರ್ಚಿಯಲ್ಲಿ ಕೂರುವ ಮೊದಲು ಕೈ ಎತ್ತಿ, “ಇದೆಷ್ಟು ಬೆರಳು, ಹೇಳು ನೋಡೋಣ” ಎಂದ.

“ಎರಡು ಸ್ವಾಮಿ. ಎರಡರ ಉಗುರೂ ತೆಗೆದಿಲ್ಲ ನೀವು.”

ಆದರೂ ಆತ ಕೂರಲಿಲ್ಲ. “ಚಿತ್ರ ಬರೆದೋರು ಕನ್ನಡಕದವರು ಕಣಪ್ಪಾ. ಅವರಿಗೆ ಗೊತ್ತಿಲ್ದೆ ಇರುತ್ತಾ?” ಎನ್ನುತ್ತ ಹೊರಟ. ಹೀಗೆ ಒಬ್ಬರ ಹಿಂದೆ ಒಬ್ಬರು.

ಸಂಜೆ ಕ್ಷೌರಿಕ ನನ್ನ ಅಂಗಡಿಗೆ ಬಂದ. “ಅಣ್ಣಾ, ಕಿವಿ ಬರೆಯೋಕೆ ಬರದೆ ಇದ್ದಿದ್ರೆ ಕಿವೀನೂ ಕತ್ತರಿಸ್ಬಿಡ್ತಿದ್ರಾ?” ನಾನು ನಕ್ಕೆ. ಆತ ನಗಲಿಲ್ಲ. “ಇನ್ನೊಂದು ತಿಂಗಳು ಹೀಗೇ ಆದ್ರೆ ನಾನು ಅಂಗಡಿ ಬಿಟ್ಟುಕೊಡ್ಬೇಕಾಗುತ್ತೆ.”

“ನಿಮ್ಮ ಕೈಗೆ ಕುಂಚ ಸಿಕ್ಕಿದ್ದೇ ತಪ್ಪು. ಮೊದಲು ಹೋಗಿ ನಿಜ ಹೇಳಿ ಬನ್ನಿ” ಎಂದಳು ನನ್ನ ಹೆಂಡತಿ. ನಿಮ್ಮ ಕಚೇರಿಗೆ ಬಂದೆ. “ನಿರ್ಣಾಯಕರ ತೀರ್ಮಾನವೇ ಅಂತಿಮ” ಎಂಬ ಉತ್ತರ ಸಿಕ್ಕಿತು. ಚಿತ್ರದ ಬಗ್ಗೆ ಅಂತಿಮವಾಗಲಿ, ಒಪ್ಪಿದೆ. ಬದುಕಿರುವ ಮನುಷ್ಯನ ಕಣ್ಣಿನ ಬಗ್ಗೆಯೂ ಅಂತಿಮವೇ? ಆತನ ಕಣ್ಣನ್ನು ನಾನೇ ಪರೀಕ್ಷಿಸಿದ್ದೇನೆ. ಅಕ್ಷರದ ಹಲಗೆಯ ಕೊನೆಯ ಸಾಲನ್ನು ಸಲೀಸಾಗಿ ಓದಿದ. ಅದನ್ನು ನಾನು ಓದಲಾರೆ.

ಈಗ ದಿನಾ ಬೆಳಗ್ಗೆ ಬೀದಿಗೆಲ್ಲ ಕಾಣುವಂತೆ ಆತನ ಕುರ್ಚಿಯಲ್ಲಿ ನಾನೇ ಕೂರುತ್ತಿದ್ದೇನೆ. ನನ್ನ ತಲೆಯಲ್ಲಿ ಕತ್ತರಿಸಲು ಉಳಿದಿದ್ದು ಮೊದಲ ದಿನವೇ ಮುಗಿಯಿತು. ನೋಡಿದವರು, “ಪಾಪ, ಕಣ್ಣು ಕಾಣದೆ ಹೇಗೆ ಬೋಳಿಸಿಬಿಟ್ಟಿದ್ದಾನೆ” ಎನ್ನುತ್ತಿದ್ದಾರೆ. ಈಗ ನನ್ನ ಸಹಾಯದ ಕಾಟದಿಂದಲೇ ಆತನನ್ನು ಪಾರುಮಾಡಬೇಕಾದ ಪರಿಸ್ಥಿತಿ ಬಂದಿದೆ.

ಆದ್ದರಿಂದ ನನ್ನ ಒತ್ತಾಯ: ಆ ಫಲಕ ತೆಗೆಸಿ, “ಈತನ ಕಣ್ಣುಗಳು ಚೆನ್ನಾಗಿವೆ. ಚಿತ್ರ ಬರೆದವನಿಗೆ ಕಣ್ಣು ಬರೆಯಲು ಬರುವುದಿಲ್ಲ” ಎಂದು ಅಷ್ಟೇ ದೊಡ್ಡ ಅಕ್ಷರದಲ್ಲಿ ಬರೆಸಿ. ಬಹುಮಾನ ವಾಪಸು ಬೇಕಿದ್ದರೆ ತೆಗೆದುಕೊಳ್ಳಿ. ಆಮೇಲೆ ಶನಿವಾರ, ಬೀದಿ ತುಂಬಿರುವ ಹೊತ್ತಿನಲ್ಲಿ, ತಾವೇ ಬಂದು ಆ ಕುರ್ಚಿಯಲ್ಲಿ ಕೂತು ಗಡ್ಡ ಬೋಳಿಸಿಕೊಳ್ಳಿ. ಕತ್ತಿ ಗಂಟಲ ಹತ್ತಿರ ಬಂದಾಗ ಬೇಕಾದರೆ ನೀವು ಕಣ್ಣು ಮುಚ್ಚಿಕೊಳ್ಳಬಹುದು. ಆತ ತೆರೆದೇ ಇಟ್ಟಿರುತ್ತಾನೆ.

ಇಂತಿ,
ಬಹುಮಾನ ಗೆದ್ದು ಪಕ್ಕದಂಗಡಿಯವನ ಮುಖ ನೋಡಲಾಗದೆ ಕುಳಿತಿರುವ
ಕನ್ನಡಕದಂಗಡಿಯವನು