ಶೆಡ್ಡಿನಲ್ಲಿದ್ದ ಕೆಂಪು ಕಾರು

ಮಂಡೇರ್, ಆಲ್ಬರ್ಟಾ
೧೪ ಫೆಬ್ರವರಿ ೧೯೮೭

ಪ್ರೀತಿಯ ತಂಗಿ ಸ್ಟೆಫ್ಕಾ,

ನೀನು, ಮಕ್ಕಳು ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ಕ್ರಿಸ್‌ಮಸ್ಸಿಗೆ ನೀನು ಕಳಿಸಿದ ಗಸಗಸೆ ರೊಟ್ಟಿ ತಲುಪಿತು. ಉತ್ತರ ತಡವಾಯಿತೆಂದು ಬೈಯಬೇಡ. ಎಲ್ಲಿಂದ ಶುರು ಮಾಡಲೆಂದು ತಿಳಿಯದೆ, ಪೆನ್ನು ಹಿಡಿದಾಗಲೆಲ್ಲ ಎದ್ದುಬಿಡುತ್ತಿದ್ದೆ. ನನ್ನ ಅಳಿಯ ವೇಡ್ ಆಸ್ಪತ್ರೆಯಲ್ಲಿರುವುದು ನಿನ್ನ ಕಿವಿಗೂ ಬಿದ್ದಿರಬೇಕು. ನಡೆದದ್ದನ್ನು ನನ್ನಿಂದಲೇ ಕೇಳು.

ನಮ್ಮನೆಯವರು ಲುಬೊಮಿರ್ ತೀರಿಕೊಂಡ ಮೇಲೂ ಅವರ ಕೆಂಪು ಕಾರನ್ನು ನಾನು ಮಾರಲಿಲ್ಲವಲ್ಲ. ಹಿಮ ಬೀಳುವ ಮೊದಲು ಅದನ್ನು ಶೆಡ್ಡಿಗೆ ಸೇರಿಸಿ, ವಿಮೆ ಕಚೇರಿಯ ಗೆಳತಿ ನೆಲ್ಲಿಗೆ ಫೋನ್ ಮಾಡುವುದು ವಾಡಿಕೆ. ಈ ಸಲವೂ ಮಾಡಿದೆ.

"ರಸ್ತೆ ಮೇಲಿನ ವಿಮೆ ತೆಗೆದುಬಿಡ್ತೀನಿ ಒರಿಸಿಯಾ. ಬೆಂಕಿ, ಕಳವು, ಯಾರಾದ್ರೂ ಒಡೆದುಹಾಕಿದ್ರೆ, ಇಷ್ಟಿರ್ಲಿ. ಆದ್ರೆ ವಸಂತದವರೆಗೂ ಚಕ್ರ ಒಂದು ಸುತ್ತು ತಿರುಗಿದ್ರೂ ನಾವು ಹೊಣೆ ಅಲ್ಲ, ಆಯ್ತಾ?" ಎಂದಳು.

"ಈ ಹಿಮದಲ್ಲಿ ಆ ಮುದಿ ಕಾರನ್ನ ಯಾರೇ ಓಡಿಸ್ತಾರೆ?" ಎಂದು ನಕ್ಕೆ.

ಜನವರಿಯಲ್ಲಿ ಮಗಳು ದಾರ್ಕಾ ಗಂಡನ ಮನೆಯಿಂದ ಓಡಿಬಂದಳು. ಒಂದು ಕಣ್ಣು ಊದಿ ಮುಚ್ಚಿಹೋಗಿತ್ತು, ಕೆಳದುಟಿ ಸೀಳಿತ್ತು. "ಮೆಟ್ಟಿಲ ಮೇಲೆ ಬಿದ್ದೆ ಅಮ್ಮಾ" ಅಂದಳು. ಮುಲಾಮು ಹಚ್ಚಲು ಅಂಗಿ ಎತ್ತಿದರೆ ಬೆನ್ನ ತುಂಬ ಬೆಲ್ಟಿನ ಬಕಲ್ಲಿನ ಗುರುತು.

ಕೆಲವು ದಿನಗಳ ಮೇಲೆ ಒಂದು ಬೆಳಿಗ್ಗೆ ಅವಳು ಶೆಡ್ಡಿಗೆ ಹೋದಳು. ಬ್ಯಾಟರಿ ಸಾಯದಂತೆ ಆಗಾಗ ಇಂಜಿನ್ ಚಾಲೂ ಮಾಡುವುದು ಅವಳಪ್ಪ ಕಲಿಸಿದ ಕೆಲಸ. ಆಗಲೇ ವೇಡ್ ಬಂದ. "ಎಲ್ಲಿ ನನ್ನ ಹೆಂಡ್ತಿ?" ಎಂದ. ಇಲ್ಲ ಅಂದೆ. ನನ್ನನ್ನು ಒಲೆಯ ಮೇಲೆ ತಳ್ಳಿದ. ಅಷ್ಟರಲ್ಲಿ ಇಂಜಿನ್ ಸದ್ದು ಕೇಳಿಸಿತು. ಸೌದೆ ರಾಶಿಯಿಂದ ಕೊಡಲಿ ಕಿತ್ತುಕೊಂಡು ನಡೆದ. ಮನೆಯ ಚಪ್ಪಲಿಯಲ್ಲೇ ಹಿಮದಲ್ಲಿ ಓಡಿದೆ.

ದಾರ್ಕಾ ಕಾರಿನ ಬಾಗಿಲು ಭದ್ರ ಮಾಡಿಕೊಂಡಿದ್ದಳು. ಅವನು ಶೆಡ್ಡಿನ ಬಾಗಿಲಿಗೆ ಬೆನ್ನು ಕೊಟ್ಟು ಮುಂದಿನ ಗಾಜಿನ ಮೇಲೆ ಕೊಡಲಿ ಬೀಸುತ್ತಿದ್ದ. "ಹೊರಗೆ ಬಾರೇ! ನಿನ್ನಪ್ಪನ ಡಬ್ಬಾನೂ ನಿನ್ನನ್ನೂ ಒಟ್ಟಿಗೇ ಚೂರು ಮಾಡ್ತೀನಿ!" ಅವನ ಕೋಟು ಹಿಡಿದು ಜಗ್ಗಿದೆ. ಕೊಡಲಿಯ ಕಾವಿನಿಂದ ನನ್ನ ಬಾಯಿಗೆ ಗುದ್ದಿ ಪಕ್ಕಕ್ಕೆ ಕೆಡವಿದ. ಹಲ್ಲು ಹಿಮದ ಮೇಲೆ ಬಿತ್ತು. ಮುಂದಿನ ಏಟಿಗೆ ಗಾಜು ಪುಡಿಯಾಗಿ, ಅಲಗು ಅವಳ ಕಿವಿಯ ಪಕ್ಕ ಸೀಟಿನಲ್ಲಿ ನಾಟಿತು.

ಆಗ ಅವಳು ಗೇರು ಹಾಕಿದಳು, ಸ್ಟೆಫ್ಕಾ. ಕಾರು ನೆಗೆದು ಅವನನ್ನು ಬಾಗಿಲ ಸಮೇತ ಹೊರಕ್ಕೆ ಕೆಡವಿ, ಅವನ ಕಾಲುಗಳ ಮೇಲೆ ನಿಂತುಬಿಟ್ಟಿತು. ಮೂಳೆ ಮುರಿದದ್ದು ನನಗೆ ಕೇಳಿಸಿತು. ಅವನು ಕೊಯ್ಯುವ ಹಂದಿಯ ಹಾಗೆ ಕಿರುಚುತ್ತಿದ್ದ. ಇವಳು ಕಲ್ಲಾಗಿ ಕೂತಿದ್ದಳು. ಒಡೆದ ಗಾಜಿನಿಂದ ಕೈ ಹಾಕಿ ಬಾಗಿಲು ತೆಗೆದು, ಅವಳನ್ನು ಪಕ್ಕಕ್ಕೆ ನೂಕಿ, ನಾನೇ ಕೂತು ಕಾರನ್ನು ಹಿಂದಕ್ಕೆ ತೆಗೆದೆ.

ಪೊಲೀಸರು ಬಂದಾಗಲೂ ಸ್ಟಿಯರಿಂಗಿನ ಮುಂದೆ ನಾನೇ ಇದ್ದೆ. "ಓಡಿಸಿದ್ದು ಯಾರು?"

"ನಾನೇ."

ದಾರ್ಕಾ ನನ್ನ ಮುಖ ನೋಡಿದಳು. ಅವಳ ಬದುಕು ಇನ್ನೂ ಉದ್ದ ಇದೆ, ನನ್ನದೇನು ಉಳಿದಿದೆ? ವೇಡ್ ಕೂಡ ನನ್ನ ಹೆಸರನ್ನೇ ಹೇಳಿದನಂತೆ.

ನೆಲ್ಲಿ ಮನೆಗೇ ಬಂದು ಅತ್ತಳು. "ಕೊಡಲಿ ಏಟಿಗೆ ವಿಮೆ ಬರುತ್ತೆ, ಆಗ ಕಾರು ನಿಂತಿತ್ತು. ಅದು ಅಲ್ಲಾಡಿದ ಮೇಲಿನದೆಲ್ಲ ನಿನ್ನ ತಲೆಗೇ ಕಣೇ. ಅವನ ಕಾಲೂ ಸೇರಿ." ಕಾಲಿಗೆ ಪರಿಹಾರವೆಂದು ಅವನ ವಕೀಲ ಕೇಳುತ್ತಿರುವುದು ನನ್ನ ಹೆಸರಲ್ಲಿರುವ ನಮ್ಮ ಗೋಧಿ ಹೊಲ. ಹೋದರೆ ಹೋಗಲಿ. ಮಾರ್ಚಿನಲ್ಲಿ ವಿಚಾರಣೆ. ನೀನು ಬರುವ ಕಷ್ಟ ತೆಗೆದುಕೊಳ್ಳಬೇಡ.

ದೇವಮಾತೆ ನಿಮ್ಮೆಲ್ಲರನ್ನೂ ತನ್ನ ಸೆರಗಿನಡಿ ಕಾಯಲಿ. ಮಕ್ಕಳಿಗೆ ನನ್ನ ಮುತ್ತು.

ನಿನ್ನ ಅಕ್ಕ,
ಒರಿಸಿಯಾ

ಮತ್ತೆ: ಇದನ್ನು ಬರೆಯಬಾರದೆಂದಿದ್ದೆ. ದಾರ್ಕಾ ಇಲ್ಲಿಲ್ಲ. ಹೊಡೆದದ್ದಕ್ಕೆ ಅವನ ಮೇಲೆ ಪೊಲೀಸರಿಗೆ ಕೊಟ್ಟಿದ್ದ ದೂರು ವಾಪಸು ತೆಗೆದುಕೊಂಡು ಹೋಗಿದ್ದಾಳೆ. ನಿನ್ನೆ ಆಸ್ಪತ್ರೆಗೆ ಹೋದರೆ ಅವನ ಮಂಚದ ಪಕ್ಕ ಕೂತು ಚಮಚದಲ್ಲಿ ಸೂಪು ಕುಡಿಸುತ್ತಿದ್ದಳು. ನನ್ನನ್ನು ಬಾಗಿಲ ಆಚೆಗೆ ಕರೆದುಕೊಂಡು ಬಂದು ಮೆಲ್ಲಗೆ ಹೇಳಿದಳು: "ಅವನು ನನ್ನನ್ನ ಕ್ಷಮಿಸಿದ್ದಾನೆ ಅಮ್ಮಾ. ನೀನು ಅವನನ್ನ ಕೊಲ್ಲೋಕೇ ಕಾರು ಹತ್ತಿಸಿದೆ ಅಂತ ಕೋರ್ಟಲ್ಲಿ ನಾನೂ ಹೇಳ್ಬೇಕಂತೆ. ಹೇಳ್ತೀನಿ. ಇನ್ನು ಇಲ್ಲಿಗೆ ಬರ್ಬೇಡ."